ಬಸ್ ನಿಲ್ದಾಣದ ಗೋಡೆಯ ಮೇಲೆ ಶಶಿರೇಖಾ

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ, ಸೊರಬದ ಕಡೆಯ ಬಸ್ಸುಗಳು ನಿಲ್ಲುವ ಜಾಗದಲ್ಲಿ ನಾನು ಹುರಿದ ಶೇಂಗಾ ಮಾರುತ್ತೇನೆ. ನನ್ನ ಬೆನ್ನ ಹಿಂದಿನ ಗೋಡೆಗೆ ಜಾಹೀರಾತು ಅಂಟಿಸುತ್ತಾರೆ. ಬಸ್ಸು ತಡವಾದಷ್ಟೂ ಆ ಕಾಗದದ ಮೇಲೆ ಬರಹ ಹೆಚ್ಚುತ್ತದೆ. ಬೋರ್‌ವೆಲ್ ಕೊರೆಯುವವರ ಜಾಹೀರಾತಿನ ಮೇಲೆ ಯಾರೋ 'ನೀರು ಬರಲಿಲ್ಲ' ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು 'ನಿನ್ನ ಹಣೆಬರಹ' ಎಂದು ಗೀಚಿದ್ದರು. ಬರೆದವರು ಬಸ್ಸು ಹತ್ತಿ ಹೋಗುತ್ತಾರೆ. ಉಳಿದವರು ಓದಿ ನಗುತ್ತಾರೆ. ನಗು ಕೇಳಿಸಿದಾಗ ನಾನೂ ತಿರುಗಿ ಅಕ್ಷರ ಕೂಡಿಸಿ ಓದುತ್ತೇನೆ.

ಹೋದ ದೀಪಾವಳಿಗೆ ಮುಂಚೆ ಆ ಗೋಡೆಗೆ ಶಶಿರೇಖಾಳ ಪಟ ಬಂತು. ಅವಳು ಉಳವಿಯಲ್ಲಿ ಹುಟ್ಟಿ ಅಂಜನಾಪುರದ ಕಡೆಗೆ ಸೊಸೆಯಾಗಿ ಬಂದವಳು. ಗಂಡ ವಸಂತ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವಳು ಮಲ್ಲಿಕಾರ್ಜುನಪ್ಪನವರ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ, ತನ್ನ ಹೆಗಲ ಮೇಲೆ ಹಾಕಿ ತೋರಿಸುವ ಕೆಲಸ ಮಾಡುತ್ತಿದ್ದಳು. ಹಸಿರು ಸೀರೆ ಉಡಿಸಿ ಸಾಹುಕಾರರೇ ಫೋನಿನಲ್ಲಿ ಫೋಟೊ ತೆಗೆದು, ಆಳೆತ್ತರ ಅಚ್ಚು ಹಾಕಿಸಿದ್ದರು.

ಮೊದಲ ದಿನ ಅವಳು ಪಟದ ಮುಂದೆ ನಿಂತು ಕೇಳಿದಳು: "ಅಜ್ಜಿ, ಮೂಗು ಸ್ವಲ್ಪ ದಪ್ಪ ಬಂದೈತಲ್ಲ?"

"ಇದ್ದದ್ದೇ ಬಂದೈತೆ ಕಣವ್ವ" ಅಂದೆ.

ಅವಳು ನಕ್ಕು, ನನ್ನ ಪಕ್ಕ ಕೂತು ಶೇಂಗಾ ತಿಂದಳು. ಕೆಲಸಕ್ಕೆ ಹೋಗಲು ಮನೆಯಲ್ಲಿ ಒಪ್ಪಿಸುವುದಕ್ಕೆ ಎಷ್ಟು ಅತ್ತಿದ್ದಳೆಂದು ಆವತ್ತು ಹೇಳಿದಳು. "ಮನೇಲಿ ನನ್ನನ್ನ ಯಾರೂ ಹೆಸರಿಡಿದು ಕರೆಯಲ್ಲಜ್ಜಿ. 'ಏ ಇವಳೇ' ಅಂತಾರೆ. ಅಂಗಡೀಲಿ ಹೆಂಗಸರು ಬಂದು, ಶಶಿರೇಖಾನ್ನ ಕರೀರಿ, ಅವಳೇ ತೋರಿಸ್ಲಿ ಅಂತಾರೆ. ಅಷ್ಟಕ್ಕೇ ನಾನು ಈ ಬಸ್ಸು ಹತ್ತೋದು."

ನಾಲ್ಕು ದಿನ ಕಳೆಯುವುದರೊಳಗೆ ಪಟಕ್ಕೆ ಮೀಸೆ ಬಂತು. ಆಮೇಲೆ ಕನ್ನಡಕ. ಅದಕ್ಕೆ ಅವಳೂ ನಕ್ಕಳು. ಒಂದು ಬೆಳಿಗ್ಗೆ ಮಾತ್ರ ಪಟದ ಸೆರಗಿನ ಮೇಲೆ ದಪ್ಪ ಅಕ್ಷರ ಕಂಡಿತು: 'ಸೀರೆ ಬೇಡ, ಉಟ್ಟೋರು ಬೇಕು.' ಕೆಳಗೆ ಬೇರೆ ಕೈಯ ಬರಹ: 'ವಸಂತನ ಟ್ರ್ಯಾಕ್ಟರ್ ಬರುತ್ತೆ, ಹುಷಾರು.'

ಹೆಸರು ಬಂದ ಮೇಲೆ ಸುಮ್ಮನಿರುತ್ತದೆಯೇ? ಡೀಸೆಲ್ ಹಾಕಿಸುವ ಕಡೆ ವಸಂತನನ್ನು ನಾಲ್ಕು ಜನ ಆಡಿಕೊಂಡರು. ಆ ಸಂಜೆ ಅವನ ತಾಯಿ ತಿಮ್ಮಮ್ಮ ತೀರ್ಮಾನ ಕೊಟ್ಟಳಂತೆ: "ಆ ಪಟ ಗೋಡೆಯಿಂದ ಇಳೀಲಿಲ್ಲಾಂದ್ರೆ ನೀನು ಕೆಲಸಕ್ಕೆ ಅಂತ ಹೊಸಿಲು ದಾಟಬ್ಯಾಡ. ಅಮಾಸೆ ತನಕ ನೋಡ್ತೀನಿ."

ಶಶಿರೇಖಾ ಸಾಹುಕಾರರನ್ನು ಕೇಳಿದಳು.

"ಪಟ ಕಿತ್ತಾಕಿದ್ರೆ ಹಬ್ಬದ ವ್ಯಾಪಾರಕ್ಕೆ ಏನು ತೋರಿಸ್ಲವ್ವ? ನಾಚಿಕೆ ಆಗಂಗಿದ್ರೆ ನೀನು ಮನೇಲಿರು. ಬ್ಯಾರೆ ಹುಡುಗಿ ನೋಡ್ತೀನಿ" ಅಂದರು ಅವರು.

ಒದ್ದೆ ಬಟ್ಟೆ ತಂದು ಅವಳೇ ಉಜ್ಜಿ ನೋಡಿದಳು. ಮಾರ್ಕರ್ ಪೆನ್ನಿನ ಮಸಿ ಕದಲಲಿಲ್ಲ. ಪಟದ ಕೆನ್ನೆಯ ಬಣ್ಣ ಬಿಟ್ಟಿತು. ಬಸ್ಸಿಗೆ ನಿಂತವರು ನೋಡುತ್ತಲೇ ಇದ್ದರು. ಬಟ್ಟೆ ಮಡಚಿ ಚೀಲದೊಳಗೆ ಹಾಕಿಕೊಂಡು ಹೋದಳು.

ಅವಳು ಸಾಹುಕಾರರನ್ನು ಕೇಳಿಕೊಂಡದ್ದನ್ನೆಲ್ಲ ಅಂಗಡಿಯ ಗಲ್ಲಾದ ಹತ್ತಿರ ಕೂತು ಕೇಳಿದ್ದವರು ಸಾಹುಕಾರರ ತಾಯಿ ಬಸವಣ್ಣೆಮ್ಮ. ಹೆಣ್ಣುಮಗಳ ಸಂಕಟ ಅವರಿಗೆ ತಟ್ಟಿತು. ಜನ ಉಗಿಯುವ ಗೋಡೆಗೆ ದೇವರ ಟೈಲ್ಸ್ ಅಂಟಿಸಿದರೆ ಉಗಿಯುವುದು ನಿಲ್ಲುತ್ತದೆಯಲ್ಲ, ಅದೇ ಉಪಾಯ ಅವರಿಗೆ ಹೊಳೆಯಿತು. ಸೋಮವಾರ ಪೂಜೆ ಮುಗಿಸಿ ಬಂದು, ಪಟದ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟರು. ಮೊಳೆ ಹೊಡೆಸಿ ಸೇವಂತಿಗೆ ಹಾರವನ್ನೂ ಹಾಕಿಸಿದರು.

"ಇನ್ನ್ಯಾವನು ಪೆನ್ನು ಎತ್ತುತಾನೋ ನೋಡಾನ" ಅಂದರು.

ನನಗೂ ಸರಿ ಅನ್ನಿಸಿತು. ನಿಜಕ್ಕೂ ಯಾರೂ ಪೆನ್ನು ಎತ್ತಲಿಲ್ಲ. ಮಧ್ಯಾಹ್ನ ಸೊರಬದ ಬಸ್ಸಿನಿಂದ ಇಳಿದ ಒಬ್ಬ ಹೆಂಗಸು ಹಾರ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಇದು ನಮ್ಮೂರ ಹುಡುಗಿ ಅಲ್ದನೆ! ಯಾವಾಗ ತೀರಿಕೊಂಡಿದ್ದು?"

"ತೀರಿಕೊಂಡಿಲ್ಲ ತಾಯಿ, ಅಂಗಡೀಲಿ ಐದಾಳೆ" ಅಂದೆ. ಅಷ್ಟರಲ್ಲಿ ಅವಳು ಫೋನು ಕಿವಿಗಿಟ್ಟು ಆಚೆ ಹೋಗಿಯಾಗಿತ್ತು.

ಬಂದವರು ಹೋದವರಿಗೆಲ್ಲ ನಾನು ಹೇಳಿದೆ. ಗೋಡೆಯೇ ಹೇಳುವಾಗ ನನ್ನ ಮಾತು ಯಾರು ನಂಬುತ್ತಾರೆ? ಸಂಜೆಯ ಹೊತ್ತಿಗೆ ಪಟದ ಕೆಳಗೆ ಚೆಂದದ ಅಕ್ಷರದಲ್ಲಿ 'ಓಂ ಶಾಂತಿ' ಬಂದಿತ್ತು. ಅದರ ಪಕ್ಕ 'ಒಳ್ಳೆಯ ಮನಸ್ಸಿನ ಅಕ್ಕ'. 'ಉಟ್ಟೋರು ಬೇಕು' ಅನ್ನುವ ಸಾಲನ್ನು ಯಾರೋ ಗೀಟು ಹೊಡೆದು ಮುಚ್ಚಿದ್ದರು.

ಉಳವಿಯಿಂದ ಅವಳ ತಾಯಿ ಗುಡ್ಡಮ್ಮ ಅಳುತ್ತಾ ಬಂದಿಳಿದು, ಹಾರದ ಮುಂದೆ ನೆಲಕ್ಕೆ ಕುಸಿದಳು. ಊಟದ ಡಬ್ಬಿ ಹಿಡಿದು ಮನೆಯ ಬಸ್ಸಿಗೆ ಬಂದ ಶಶಿರೇಖಾ, "ಅವ್ವಾ, ನೀನ್ಯಾಕೆ ಇಲ್ಲಿ?" ಅಂದಳು.

ಗುಡ್ಡಮ್ಮ ಮಗಳ ಮುಖವನ್ನೆಲ್ಲ ಮುಟ್ಟಿ ನೋಡಿ, ಕೆನ್ನೆಗೆ ಒಂದು ಬಿಟ್ಟಳು. "ಬದ್ಕಿದ್ದೋಳಿಗೆ ಫೋನ್ ಎತ್ತಕ್ಕೆ ಎಂತ ಬ್ಯಾನೆನೆ ನಿಂಗೆ?"

"ಅಂಗಡೀಲಿ ಫೋನು ತೆಗೆದಿಡಿಸ್ತಾರೆ ಕಣವ್ವ" ಅಂದು ಅವಳು ಕೆನ್ನೆ ಹಿಡಿದುಕೊಂಡೇ ತಾಯಿಯನ್ನು ಎಬ್ಬಿಸಿದಳು.

ಪಟ ಹರಿದುಬಿಡೋಣ ಅಂದರೆ, ವಿಭೂತಿ ಇಟ್ಟದ್ದನ್ನು ಹರಿಯಬಾರದು ಎಂದು ಬಸವಣ್ಣೆಮ್ಮ ಅಡ್ಡ ಬಂದರು. ಸತ್ತವಳು ಸೀರೆ ತೋರಿಸುತ್ತಾಳಂತೆ ಎಂದು ಮರುದಿನ ಅಂಗಡಿಗೆ ಜನ ಬಂದದ್ದರಿಂದ ಸಾಹುಕಾರರಿಗೂ ಪಟ ತೆಗೆಯುವ ಮನಸ್ಸಿಲ್ಲ. ತಿಮ್ಮಮ್ಮನಿಗೆ ಅಮಾವಾಸ್ಯೆಯವರೆಗೆ ಕಾಯುವ ಕಾರಣವೇ ಉಳಿಯಲಿಲ್ಲ. "ಇದ್ದೋಳಿಗೆ ಹಾರ ಬಿತ್ತು. ಇದಕ್ಕಿಂತ ಅಪಶಕುನ ಏನೈತೆ? ನಾಳೆಯಿಂದ ಬ್ಯಾಡ" ಅಂತ ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಂದಳಂತೆ.

ಇದನ್ನು ನನಗೆ ಹೇಳಿದ ದಿನ ಶಶಿರೇಖಾ ಅಳಲಿಲ್ಲ. ಹಾರವನ್ನು ತಾನೇ ಕಿತ್ತು ಕಸದ ಡಬ್ಬಕ್ಕೆ ಹಾಕಿದಳು. ಕಾಲೇಜು ಹುಡುಗಿಯೊಬ್ಬಳ ಹತ್ತಿರ ಪೆನ್ನು ಇಸಿದುಕೊಂಡು, ಎಲ್ಲರೂ ನೋಡುತ್ತಿದ್ದಂತೆಯೇ 'ಓಂ ಶಾಂತಿ'ಯ ಕೆಳಗೆ ಬರೆದಳು: 'ನಾನು ಶಶಿರೇಖಾ. ಇದ್ದೀನಿ. ನಾಳೆನೂ ಕೆಲಸಕ್ಕೆ ಬರ್ತೀನಿ.'

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಗೋಡೆಯಲ್ಲಿ ಮಾತ್ರ ಉತ್ತರ ಬೆಳೆಯುತ್ತಾ ಹೋಯಿತು. 'ಬಾರಕ್ಕ.' 'ಎಲ್ಲಿ ಬಂದ್ಲು?' 'ಮನೇಲಿ ಕೂಡಿಹಾಕ್ಯಾರಂತೆ.' 'ಯಾರು? ವಸಂತನಾ?'

ವಾರ ಕಳೆದ ಮೇಲೆ ವಸಂತ ಬಂದ. ಶೇಂಗಾ ಕೊಂಡು, ತಿನ್ನದೆ, ಕೊನೆಯ ಸಾಲಿನವರೆಗೂ ಓದಿದ.

"ಇದನ್ನೆಲ್ಲ ಯಾರು ಓದ್ತಾರಜ್ಜಿ?"

"ಬಸ್ಸಿಗೆ ಕಾಯೋರೆಲ್ಲ ಓದ್ತಾರಪ್ಪ. ನಿಮ್ಮೂರ ಬಸ್ಸೂ ಇಲ್ಲೇ ನಿಲ್ತೈತೆ."

ಅವನು ಶೇಂಗಾ ಪೊಟ್ಟಣ ಜೇಬಿಗೆ ಹಾಕಿಕೊಂಡು ಹೋದ.

ಸೋಮವಾರ ಶಶಿರೇಖಾ ಬಸ್ಸಿನಿಂದ ಇಳಿದಳು. ಹಿಂದೆಯೇ ತಿಮ್ಮಮ್ಮ ಇಳಿದಳು. ಕೆಲಸಕ್ಕೆ ಹೋಗಬಹುದು, ಒಬ್ಬಳೇ ಹೋಗುವ ಹಾಗಿಲ್ಲ. ಗೋಡೆಯನ್ನು ಊರೆಲ್ಲ ಓದುತ್ತದೆಂದು ವಸಂತ ಹೇಳಿದ ಮೇಲೆ ಮನೆಯಲ್ಲಿ ಆದ ಒಪ್ಪಂದವಂತೆ ಅದು. ಸೊಸೆಯನ್ನು ಅಂಗಡಿಗೆ ಮುಟ್ಟಿಸಿ ಬಂದು ತಿಮ್ಮಮ್ಮ ನನ್ನ ಪಕ್ಕದ ಬೆಂಚಿನಲ್ಲಿ, ಪಟದ ಕೆಳಗೆ, ಸಂಜೆಯವರೆಗೆ ಕೂತಳು. ಈಗ ದಿನವೂ ಕೂರುತ್ತಾಳೆ. ಯಾರಾದರೂ ಜೇಬಿಗೆ ಕೈ ಹಾಕಿದರೆ ಸಾಕು, "ಏನ್ ತೆಗೀತಿಯೋ?" ಅಂತಾಳೆ.

"ನಿನ್ನ ಮನೆಗೆಲಸ ಯಾರು ಮಾಡ್ತಾರೆ ತಿಮ್ಮಮ್ಮ?" ಅಂತ ಒಂದು ದಿನ ಕೇಳಿದೆ.

"ಇಲ್ಲಿಂದ ಎದ್ದು ಹೋಗಕೆ ಆದ್ರೆ ತಾನೆ? ನಡ ಹಿಡಕೊಂಡೈತೆ ನಂಗೆ."

ಸಂಜೆ ಶಶಿರೇಖಾ ಗೋಡೆಯ ಕಡೆ ನೋಡದೆ ಬರುತ್ತಾಳೆ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂರಲು ಹೋದರೆ ತಿಮ್ಮಮ್ಮ ತೋಳು ಹಿಡಿದು ಈಚೆಗೆ ಎಳೆದು, ತಾನು ಕಿಟಕಿಗೆ ಅಡ್ಡ ಕೂರುತ್ತಾಳೆ.