ಉಮ್ಮನ ಹರಕೆ

ಅಮ್ಮನ ನಾಲಗೆಯನ್ನು ನಾನು ನೋಡಿದಷ್ಟು ಸಲ ಯಾವ ಡಾಕ್ಟರೂ ನೋಡಿರಲಿಕ್ಕಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವಳು ಹಿತ್ತಿಲ ಪಾಗಾರದ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಆಚೆಯಿಂದ ಪಕ್ಕದ ಬ್ಯಾರಿ ಮನೆಯ ಹೆಂಗಸು ಬರುತ್ತಿದ್ದರು. ಅವರ ಮಕ್ಕಳು ಕರೆಯುವ ಹಾಗೆ ನಾವೂ ಅವರನ್ನು ಉಮ್ಮ ಎಂದೇ ಕರೆದು ದೊಡ್ಡವರಾದೆವು. ಎಲೆ ಉಮ್ಮನ ಬಳ್ಳಿಯದ್ದು, ಅಡಿಕೆ ನಮ್ಮ ಮನೆಯದ್ದು, ಸುಣ್ಣದ ಡಬ್ಬಿ ಪಾಗಾರದ ಕಲ್ಲಿನ ಸಂದಿನಲ್ಲಿ ಕಾಯಂ. ಜಗಿದಾದ ಮೇಲೆ ಇಬ್ಬರೂ ನಾಲಗೆ ಹೊರಹಾಕಿ, ಯಾರದ್ದು ಹೆಚ್ಚು ಕೆಂಪು ಎಂದು ತೀರ್ಪು ಹೇಳಲು ನನ್ನನ್ನು ಕರೆಯುತ್ತಿದ್ದರು. ನಾನು ಲಂಚ ನೋಡಿ ತೀರ್ಪು ಕೊಡುವವಳು. ಉಮ್ಮನ ಮನೆಯಲ್ಲಿ ಅಕ್ಕಿಯ ಪತ್ತಿರಿ ರೊಟ್ಟಿ ಸುಟ್ಟ ದಿನ ಉಮ್ಮನೇ ಗೆಲ್ಲುತ್ತಿದ್ದರು.

ಆ ಹೊತ್ತಿನ ಮಾತುಗಳು ಈಗಲೂ ಕಿವಿಯಲ್ಲಿವೆ. ಸೊಸೆಯಂದಿರ ಅಡುಗೆ, ಕುಂಬಳೆ ಪೇಟೆಯ ಮೀನಿನ ಕ್ರಯ, ಬಸ್ಸಿನಲ್ಲಿ ಕಂಡ ಯಾರದ್ದೋ ಸೀರೆ. ಬಾಯಿತುಂಬ ಎಲೆ ಇಟ್ಟುಕೊಂಡು ಅವರು ಆಡುತ್ತಿದ್ದ ಮಾತು ಹೊರಗಿನವರಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಅವರಿಬ್ಬರಿಗೆ ಪೂರ್ತಿ ತಿಳಿಯುತ್ತಿತ್ತು.

ಕೆಲವು ವರ್ಷಗಳ ಹಿಂದೆ ಅಮ್ಮನ ಕೆಳದವಡೆಯ ಹಲ್ಲೊಂದು ಅಲುಗಾಡತೊಡಗಿತು. ಹಲ್ಲಿನ ಡಾಕ್ಟರು ಕಿತ್ತರು. ನೋವು ಹೋಗಲಿಲ್ಲ, ಬಾವು ಹೆಚ್ಚಿತು. ಮತ್ತೆ ಕೆಳತುಟಿ ಮತ್ತು ಗದ್ದ ಮರಗಟ್ಟಿದವು. ಗಂಜಿ ಗದ್ದಕ್ಕೆ ಇಳಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಡಾಕ್ಟರು ಕಾರಣ ಹೇಳುವ ಮೊದಲೇ ಊರೆಲ್ಲ ಹೇಳಿಯಾಗಿತ್ತು: ಎಲೆಯಡಿಕೆ. ನೋಡಲು ಬಂದವರೆಲ್ಲ ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಅದನ್ನೇ ಹೇಳಿ ಹೋದರು. ಅವರಲ್ಲಿ ಅರ್ಧ ಜನ ಗೇಟು ದಾಟಿದ ಕೂಡಲೇ ಬಾಯಿಗೆ ಎಲೆ ಹಾಕುವವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇದನ್ನೆಲ್ಲ ಪಾಗಾರದ ಆಚೆ ಉಮ್ಮ ಕೇಳಿಸಿಕೊಂಡಿದ್ದರು. ಎಲೆ ಅವರ ಬಳ್ಳಿಯದ್ದಲ್ಲವೇ? ದಿನಾ ಬಂದು, "ಹೇಗುಂಟು ಅಕ್ಕ?" ಎಂದು ಕೇಳಿ, ಉತ್ತರ ಸಿಗುವ ಮೊದಲೇ ತಿರುಗಿ ಹೋಗತೊಡಗಿದರು. ಎಲೆ ಜಗಿಯದೆ ಅವರ ತುಟಿ ಬಿಳಚಿಕೊಂಡಿತ್ತು. ಅಮ್ಮ ಒಬ್ಬಳೇ ಪಾಗಾರದ ಬಳಿ ನಿಂತು, ಸ್ವಲ್ಪ ಹೊತ್ತು ಕಾದು, ಒಳಗೆ ಬರುತ್ತಿದ್ದಳು. ದವಡೆಯ ನೋವಿಗೆ ಒಂದು ದಿನವೂ ಅಳದವಳು ಇದಕ್ಕೆ ಅತ್ತಳು.

ಮಂಗಳೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೋರಿಸಿದರು. ದವಡೆಯ ಎಲುಬಿನಲ್ಲಿ ಗುಂಡಗಿನ ತೂತುಗಳು.

"ನೀರ್ದೋಸೆಯ ಹಾಗೆ ಉಂಟಲ್ಲ," ಎಂದಳು ಅಮ್ಮ.

ಚೂರು ತೆಗೆದು ಪರೀಕ್ಷೆ ಮಾಡಿ, ಮಜ್ಜೆಯನ್ನೂ ನೋಡಿ, ಡಾಕ್ಟರು ವಿವರಿಸಿದರು. ರಕ್ತದ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್, ಎಲುಬಿನ ಒಳಗಿನ ಮಜ್ಜೆಯಲ್ಲಿ ಹುಟ್ಟುವುದು. ದವಡೆಯಲ್ಲಿ ಮೊದಲು ಕಾಣಿಸಿಕೊಂಡಿದೆ ಅಷ್ಟೆ. ಔಷಧಿಯಿಂದ ಹಿಡಿತದಲ್ಲಿ ಇಡಬಹುದು, ಪೂರ್ತಿ ಹೋಗುವುದು ಕಷ್ಟ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ಎಲೆಯಡಿಕೆಯಿಂದ ಬಂದದ್ದಲ್ವಾ?"

"ಇದು ಅದರಿಂದ ಬಂದದ್ದಲ್ಲ. ಹಾಗಂತ ಎಲೆಯಡಿಕೆ ಒಳ್ಳೇದು ಅಂತ ನಾನು ಹೇಳಿಲ್ಲ."

ಎರಡನೆಯ ವಾಕ್ಯ ಅಮ್ಮನ ಕಿವಿಗೆ ಬೀಳಲೇ ಇಲ್ಲ. ಹೊರಗೆ ಬಂದವಳೇ ಉಮ್ಮನಿಗೆ ಫೋನು ಹಚ್ಚಿಸಿದಳು. "ನಿನ್ನ ಎಲೆಯದ್ದಲ್ಲ ಮಾರಾಯ್ತಿ! ಮಜ್ಜೆಯದ್ದಂತೆ!" ಎಂದು ಕೂಗಿದಳು. ಕಾರಿಡಾರಿನಲ್ಲಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ಕ್ಯಾನ್ಸರ್ ಎಂದು ತಿಳಿದ ದಿನ ಅಷ್ಟು ಸಂತೋಷದಲ್ಲಿದ್ದವಳು ಆ ಆಸ್ಪತ್ರೆಯಲ್ಲಿ ಅಮ್ಮ ಒಬ್ಬಳೇ ಇರಬೇಕು.

ಆದರೂ ಉಮ್ಮ ಎಲೆ ಮುಟ್ಟಲಿಲ್ಲ. ಅಮ್ಮ ಗದರಿಸಿ ಕೇಳಿದ ಮೇಲೆ ವಿಷಯ ಹೊರಬಂತು. ಅಮ್ಮನ ಬಾಯಿ ಗುಣವಾಗುವವರೆಗೆ ಎಲೆಯಡಿಕೆ ಬಿಡುತ್ತೇನೆಂದು ಅವರು ಹರಕೆ ಹೇಳಿಕೊಂಡಿದ್ದರು.

"ಎಲೆಯಿಂದ ಅಲ್ಲ ಅಂತ ಹೇಳಿದೆನಲ್ಲ!"

"ಇರಲಿ ಅಕ್ಕ. ಹೇಳಿದ್ದು ಹೇಳಿ ಆಯ್ತು. ನೀವು ಗುಣ ಆಗಿ."

ಗುಣ ಎಂಬುದು ಈ ಕಾಯಿಲೆಯಲ್ಲಿ ಇಲ್ಲ ಎಂದು ಅಮ್ಮನಿಗೂ ನನಗೂ ಗೊತ್ತಿತ್ತು. ಉಮ್ಮನಿಗೆ ಗೊತ್ತಿರಲಿಲ್ಲ.

ರೇಡಿಯೇಷನ್, ಇಂಜೆಕ್ಷನ್ ಎಲ್ಲ ಆಗಿ ಬಾವು ಇಳಿಯಿತು. ಒಂದು ಮಧ್ಯಾಹ್ನ ಅಮ್ಮ ನನ್ನ ಕೈ ಹಿಡಿದು ಪಾಗಾರದ ಬಳಿ ಹೋಗಿ ಉಮ್ಮನನ್ನು ಕರೆದಳು. "ಗುಣ ಆಯ್ತು," ಎಂದಳು. "ಪೂರ್ತಿ. ಡಾಕ್ಟ್ರೇ ಹೇಳಿದ್ರು. ಬೇಕಾದ್ರೆ ಇವಳನ್ನು ಕೇಳು."

ಸುಳ್ಳು ಹೇಳಿದ್ದಕ್ಕೆ ಚಿಕ್ಕಂದಿನಲ್ಲಿ ನನ್ನ ತೊಡೆ ಚಿವುಟಿ ಬರೆ ಬರಿಸಿದ ಅಮ್ಮ ಇವಳೇ. ನಾನು "ಹೌದು ಉಮ್ಮ" ಎಂದೆ.

ಅಮ್ಮನೇ ಎಲೆ ಒರೆಸಿ, ನಾರು ತೆಗೆದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ಉಮ್ಮನ ಬಾಯಿಗೆ ಇಟ್ಟಳು. ತಾನು ಹಾಕಿಕೊಳ್ಳಲಿಲ್ಲ. ದವಡೆಗೆ ಗಟ್ಟಿ ವಸ್ತು ಕೊಡಬಾರದು ಎಂದು ಅವಳಿಗೆ ತಾಕೀತಾಗಿತ್ತು. ಉಮ್ಮ ಜಗಿಯುವುದನ್ನು, ಎಂದೋ ಕಳೆದುಹೋದದ್ದು ಸಿಕ್ಕಿದವಳ ಹಾಗೆ ನೋಡುತ್ತಾ ನಿಂತಳು.

"ಎಲ್ಲಿ, ನಾಲಗೆ ತೋರಿಸು."

ಉಮ್ಮ ತೋರಿಸಿದರು. ಅಮ್ಮ ನಕ್ಕಳು. ನಗುವಾಗ ಮರಗಟ್ಟಿದ ತುಟಿಯ ಮೂಲೆಯಿಂದ ಜೊಲ್ಲು ಗದ್ದಕ್ಕೆ ಇಳಿಯಿತು. ಅವಳಿಗೆ ಗೊತ್ತಾಗಲಿಲ್ಲ. ಉಮ್ಮ ಅದನ್ನು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

ಉಮ್ಮ ಪಾಗಾರದ ಮೇಲಿಂದ ಕೈ ಚಾಚಿ, ತಲೆಯ ಮೇಲಿನ ಬಟ್ಟೆಯ ಸೆರಗಿನಿಂದ ಅಮ್ಮನ ಗದ್ದ ಒರೆಸಿದರು. ಎಲೆಯನ್ನು ಉಗುಳಲಿಲ್ಲ. ಅಮ್ಮ ನೋಡುತ್ತಿದ್ದಷ್ಟು ಹೊತ್ತೂ ಜಗಿಯುತ್ತಲೇ ಇದ್ದರು.