ದೇವರಿಲ್ಲದ ಗೆಳತಿ ಮತ್ತು ದೊಡ್ಡಪ್ಪನ ಪತ್ರ

ನಾನು ಪದವಿ ಮುಗಿಸುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಆಮೇಲೆ ಬಹಳ ಜನ ಹೇಳಿದರು, ಆದರೆ ಅವರೆಲ್ಲ ಬರೀ ಅನುಮೋದಿಸಿದವರು. ಖಾನಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನಮ್ಮವ್ವ ಮಾಡಿಕೊಟ್ಟ ಚಹಾ ಕುಡಿಯುತ್ತಲೇ ಹೇಳಿದರು:

"ನಮ್ಮ ಮನಿತನದಾಗ ಹಂಚು ಮಾಡ್ಯಾರ, ಇಟ್ಟಂಗಿ ಮಾಡ್ಯಾರ. ಡಿಗ್ರಿ ಮಾಡಿದಾವ ಒಬ್ಬಾವನೂ ಇಲ್ಲ. ಈಕಿ ಮಾಡ್ತಾಳಂತ! ಒಂದು ವರ್ಷ ಬೆಳಗಾವಿ ಬಸ್ಸಿನ ಗಾಳಿ ಕುಡದು ವಾಪಸ್ ಬರ್ತಾಳ, ನೋಡಕೋಂತ ಇರು."

ಅಪ್ಪ ಎದುರಾಡುವ ಹಾಗಿರಲಿಲ್ಲ. ಎದುರಿಗೆ ಕೂತಿದ್ದ ದೊಡ್ಡಪ್ಪ ಒಬ್ಬರೇ ಮೂವರಾಗಿದ್ದರು: ಸ್ವಂತ ಅಣ್ಣ, ಅಪ್ಪ ಭಟ್ಟಿಯ ಮುಂದೆ ಬೇಯುತ್ತಿದ್ದ ಹಂಚಿನ ಕಾರ್ಖಾನೆಯ ಸೂಪರ್‌ವೈಸರ್, ಮತ್ತು ನಮ್ಮ ಚರ್ಚಿನ ಪಾಲನಾ ಮಂಡಳಿಯ ಕಾರ್ಯದರ್ಶಿ. ಸ್ವರ್ಗದ ಕೀಲಿಕೈ ಸಂತ ಪೇತ್ರನ ಬಳಿ ಇದೆ ಎಂದು ನಮಗೆ ಕಲಿಸಿದ್ದರು. ಚರ್ಚಿನ ರಬ್ಬರ್ ಸ್ಟಾಂಪು ಇಟ್ಟ ಕಪಾಟಿನ ಕೀಲಿಕೈ ದೊಡ್ಡಪ್ಪನ ಬಳಿ ಇತ್ತು. ನನಗೆ ಅಗತ್ಯವಿದ್ದದ್ದು ಎರಡನೆಯದು.

ಏಕೆಂದರೆ ನಾನು ಬಿ.ಎಸ್ಸಿ. ಸೇರಿದೆ. ಲ್ಯಾಬು ಮುಗಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು, ದಿನಾ ಖಾನಾಪುರಕ್ಕೆ ಹೋಗಿ ಬಂದು ಓದುವುದು ಆಗದ ಮಾತು. ಬೆಳಗಾವಿಯಲ್ಲಿ ನಮ್ಮ ಹಳ್ಳಿ ಹುಡುಗಿಯರಿಗೆಂದು ಸಿಸ್ಟರುಗಳು ನಡೆಸುವ ಒಂದು ಹಾಸ್ಟೆಲ್ಲು ಇತ್ತು. ಅಲ್ಲಿರಬೇಕಾದರೆ ಪ್ರತಿ ಸೆಮಿಸ್ಟರಿಗೊಮ್ಮೆ ಊರಿನ ಚರ್ಚಿನಿಂದ ಪತ್ರ ತರಬೇಕು: ಈಕೆಯ ನಡತೆ, ಭಕ್ತಿ, ಸಹವಾಸ ಉತ್ತಮವಾಗಿವೆ ಎಂದು. ಬರೆಯುವವರು ದೊಡ್ಡಪ್ಪ, ಸ್ಟಾಂಪು ಒತ್ತುವವರೂ ಅವರೇ. ದೊಡ್ಡಪ್ಪ ತೋರಿಸಿದ ಜಾಗದಲ್ಲಿ ಫಾದರ್ ಸಹಿ ಹಾಕುತ್ತಿದ್ದರು. ನಾಲ್ಕು ಸೆಮಿಸ್ಟರು ನನ್ನ ನಡತೆ, ಭಕ್ತಿಗಳು ತೊಂದರೆಯಿಲ್ಲದೆ ಪಾಸಾದವು. ಐದನೆಯದರಲ್ಲಿ ಸಹವಾಸ ಫೇಲಾಯಿತು.

ಸಹವಾಸ ಎಂದರೆ ನನ್ನ ಗೆಳತಿ. ಪಾರಿಶ್ವಾಡದವಳು, ಬೆಳಗಾವಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಫಿಜಿಕ್ಸ್ ಲ್ಯಾಬಿನಲ್ಲಿ ನಮ್ಮಿಬ್ಬರನ್ನು ಜೋಡಿ ಮಾಡಿದ್ದರು. ಮೊದಲ ಪರೀಕ್ಷೆಯ ದಿನ ಬಾಗಿಲ ಹೊರಗೆ ಕೆಲವರು ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು, ಕೆಲವರು ಕೊರಳಿನ ತಾಯತಕ್ಕೆ ಮುತ್ತಿಡುತ್ತಿದ್ದರು, ನಾನು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದೆ. ಇವಳು ನಿಂತು ಶೇಂಗಾ ತಿನ್ನುತ್ತಿದ್ದಳು.

"ನೀ ಯಾರನ್ನ ಬೇಡಕೊಳ್ಳಂಗಿಲ್ಲೇನ?" ಎಂದೆ.

"ಯಾರನ್ನ ಬೇಡಕೊಳ್ಳಲಿ?"

"ನಿಮ್ಮ ದೇವರನ್ನ."

"ನನಗ ಯಾವ ದೇವರೂ ಇಲ್ಲಲೇ. ಶೇಂಗಾ ತಿಂತಿಯೇನ?"

ಆ ಶೇಂಗಾ ತಿನ್ನಲೋ ಬೇಡವೋ ಎಂದು ನಾನು ನಿಜವಾಗಿಯೂ ಒಂದು ಗಳಿಗೆ ಯೋಚಿಸಿದೆ. ಇದನ್ನು ನಗೆಗೆ ಬರೆಯುತ್ತಿಲ್ಲ. ನಮ್ಮಂಥ ಕ್ರೈಸ್ತರಿಗೆ ಬೇರೆ ದೇವರಿದ್ದವರ ಜೊತೆ ಬದುಕುವ ತರಬೇತಿ ಚೆನ್ನಾಗಿ ಆಗಿದೆ. ಅವರು ಹೋಳಿಗೆ ಕಳಿಸುತ್ತಾರೆ, ನಾವು ಕ್ರಿಸ್ಮಸ್ಸಿಗೆ ಕರ್ಜಿಕಾಯಿ ಕಳಿಸುತ್ತೇವೆ, ಡಬ್ಬಿಗಳು ಖಾಲಿ ಹೋಗದಂತೆ ಎರಡೂ ಕಡೆಯವರು ಎಚ್ಚರ ವಹಿಸುತ್ತೇವೆ. ಆದರೆ ದೇವರೇ ಇಲ್ಲ ಅನ್ನುವವಳಿಗೆ ಯಾವ ಹಬ್ಬಕ್ಕೆ ಏನು ಕಳಿಸುವುದು? ಧರ್ಮೋಪದೇಶದ ತರಗತಿಯಲ್ಲಿ ಶತ್ರುಗಳನ್ನು ಪ್ರೀತಿಸಿ ಎಂದು ಕಲಿಸಿದ್ದರು. ಶೇಂಗಾ ಕೊಡುವವರನ್ನು ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಅವಳು ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಿತ್ತು! ನಾನು ಕಾದೆ. ಕದಿಯುತ್ತಾಳೇನೋ, ಸುಳ್ಳು ಹೇಳುತ್ತಾಳೇನೋ, ಕಾಪಿ ಹೊಡೆಯುತ್ತಾಳೇನೋ ಎಂದು ಎರಡು ವರ್ಷ ಕಾದೆ. ಕಾಪಿ ಹೊಡೆದದ್ದು ನಾನು, ಅದೂ ಅವಳ ರೆಕಾರ್ಡಿನಿಂದ. ನನಗೆ ಜ್ವರ ಬಂದಾಗ ನೋಟ್ಸು ಬರೆದು ಹಾಸ್ಟೆಲ್ಲಿನ ಗೇಟಿನವರೆಗೆ ತಂದು ಕೊಟ್ಟದ್ದು ಅವಳು. ಹಾಸ್ಟೆಲ್ಲಿನೊಳಗೆ ನನ್ನ ಪಕ್ಕದ ಮಂಚದಲ್ಲೇ ಮಲಗುತ್ತಿದ್ದ ನಮ್ಮ ವಿಶ್ವಾಸಿ ಸಹೋದರಿಯರು ನನಗಾಗಿ ಪ್ರಾರ್ಥಿಸಿದರು. ಅದು ಕುಳಿತಲ್ಲೇ ಆಗುವ ಕೆಲಸ.

ನಮ್ಮವ್ವನಿಗೆ ಇವಳೆಂದರೆ ಜೀವ. ಅದೇ ಅವ್ವನ ಸಂಕಟ.

"ಇಷ್ಟು ಚಲೋ ಹುಡುಗಿ. ಸತ್ತ ಮ್ಯಾಲ ಎಲ್ಲಿ ಹೋಗ್ತದೋ ಏನೋ," ಎಂದು ರೊಟ್ಟಿ ಬಡಿಯುತ್ತ ನಿಟ್ಟುಸಿರು ಬಿಡುತ್ತಿದ್ದಳು.

"ಅವ್ವಾ, ಆಕಿಗೆ ಇನ್ನೂ ಇಪ್ಪತ್ತು ವರ್ಷ."

"ಎಷ್ಟರ ಇರಲಿ. ಬೆಂಕಿ ಬೆಂಕಿನ."

ಐದನೇ ಸೆಮಿಸ್ಟರಿನ ಅಕ್ಟೋಬರಿನಲ್ಲಿ ಒಂದು ಶನಿವಾರ ರೆಕಾರ್ಡು ಮುಗಿಸಲೆಂದು ಇಬ್ಬರೂ ಖಾನಾಪುರಕ್ಕೆ ಬಂದೆವು. ಅಕ್ಟೋಬರ್ ನಮಗೆ ಜಪಸರದ ತಿಂಗಳು. ಮರಿಯಮ್ಮನವರ ಪ್ರತಿಮೆ ದಿನಕ್ಕೊಂದು ಮನೆಯಂತೆ ಓಣಿ ಸುತ್ತುತ್ತದೆ. ಸಂಜೆ ಎಲ್ಲರೂ ಆ ಮನೆಯಲ್ಲಿ ಕೂಡಿ ಮಣಿ ಎಣಿಸುತ್ತ ಜಪ ಹೇಳುತ್ತೇವೆ, ಹತ್ತು ಜಪಕ್ಕೆ ಒಂದು ಸುತ್ತು, ಅಂಥ ಐದು ಸುತ್ತು. ಅವತ್ತು ನಮ್ಮ ಮನೆಯ ಪಾಳಿ. ಮುಂದಾಳು ದೊಡ್ಡಪ್ಪ.

ಶುರುವಿಗೆ ಮುನ್ನ ಯಾರ ಸಲುವಾಗಿ ಪ್ರಾರ್ಥನೆ ಎಂದು ಮನೆಯವರು ಹೇಳುವ ಪದ್ಧತಿ. ಅವ್ವ ಎದ್ದು ನಿಂತು, ತುಂಬಿದ ಮನೆಯಲ್ಲಿ, ತುಂಬಿದ ಎದೆಯಿಂದ ಹೇಳಿದಳು:

"ನನ್ನ ಮಗಳ ಗೆಳತಿ ಸಲುವಾಗಿ. ಪಾಪ, ಆಕಿ ದೇವರನ್ನ ನಂಬಂಗಿಲ್ಲ. ಇಲ್ಲೇ ಕುಂತಾಳ."

ಮೂವತ್ತು ತಲೆಗಳು ತಿರುಗಿದವು. ಗೆಳತಿ ಎಲ್ಲರಿಗೂ ನಮಸ್ಕಾರ ಮಾಡಿದಳು.

"ಕಾಕು, ಅದರ ಜೋಡಿ ಸೋಮವಾರದ ಪ್ರಾಕ್ಟಿಕಲ್ಲಿನ ಸಲುವಾಗಿನೂ ಬೇಡಕೋರಿ," ಎಂದಳು. ಹಿಂದೆ ಕೂತಿದ್ದ ಒಬ್ಬಿಬ್ಬರು ಹೆಂಗಸರು ನಕ್ಕರು. ದೊಡ್ಡಪ್ಪ ನಗಲಿಲ್ಲ.

ಜಪ ಶುರುವಾಯಿತು. ದೊಡ್ಡಪ್ಪನ ಬಾಯಿ ಮರಿಯಮ್ಮನ ಕಡೆಗಿತ್ತು, ಕಣ್ಣು ಗೆಳತಿಯ ತುಟಿಗಳ ಮೇಲಿತ್ತು. ಅವು ಅಲ್ಲಾಡುತ್ತವೋ ಇಲ್ಲವೋ ಎಂಬ ತನಿಖೆ. ಮೂರನೇ ಸುತ್ತಿನಲ್ಲಿ ಆ ಕಾವಲಿನ ಭರಕ್ಕೆ ಅವರ ಬೆರಳು ಮಣಿಯ ಮೇಲೆ ನಿಂತೇಬಿಟ್ಟಿತು. ಹತ್ತು ಜಪ ಮುಗಿದವು. ಹನ್ನೊಂದನೆಯದು ಬಂತು. ಹನ್ನೆರಡು ಬಂತು. ಹುಟ್ಟಿದಾಗಿನಿಂದ ಹೇಳುತ್ತ ಬಂದ ನಾಲಿಗೆಗಳು ನಮ್ಮವು, ಹತ್ತು ಎಲ್ಲಿ ಮುಗಿಯುತ್ತದೆಂದು ನಿದ್ದೆಯಲ್ಲೂ ಗೊತ್ತು. ಆದರೆ ಕಾರ್ಯದರ್ಶಿಗೆ ಯಾರು ಹೇಳಬೇಕು? ಮೂವತ್ತು ಜನ ವಿಶ್ವಾಸಿಗಳು ತಲೆ ತಗ್ಗಿಸಿ ಹದಿಮೂರನೆಯದನ್ನೂ ಹೇಳಿದೆವು.

"ಕಾಕಾ," ಎಂದಳು ಗೆಳತಿ, ಬಹಳ ಮೆತ್ತಗೆ, ಲ್ಯಾಬಿನಲ್ಲಿ ನನ್ನ ತಪ್ಪು ತಿದ್ದುವ ದನಿಯಲ್ಲೇ. "ಹದಿಮೂರು ಆದೂರಿ."

ಮೂಲೆಯಿಂದ ಒಬ್ಬ ಅಜ್ಜಿ, "ಖರೇ ಐತಿ ನೋಡ್ರಿ, ನಂದೂ ಹದಿಮೂರ ಆಗ್ಯಾವ," ಎಂದಳು.

"ಮತ್ತ ಹೇಳಾಕ ಏನ ಧಾಡಿಯಾಗಿತ್ತ ಮುದುಕಿ ನಿನಗ?" ಎಂದರು ದೊಡ್ಡಪ್ಪ.

"ದೇವರಿಗೆ ಮೂರ ಜಾಸ್ತಿ ಹೋದ್ರ ಲುಕ್ಸಾನ ಏನಂತ ಸುಮ್ಮನಿದ್ದೆ."

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳು ಅತ್ತಳೆಂದೇ ದೊಡ್ಡಪ್ಪ ಇವತ್ತಿಗೂ ತಿಳಿದಿದ್ದಾರೆ.

ನವೆಂಬರಿನಲ್ಲಿ ಮುಂದಿನ ಸೆಮಿಸ್ಟರಿನ ಪತ್ರಕ್ಕೆಂದು ಅವರ ಮನೆಗೆ ಹೋದೆ. ಅದೇ ಕೊನೆಯ ಪತ್ರ; ಅದು ಸಿಕ್ಕರೆ ಆರನೇ ಸೆಮಿಸ್ಟರು, ಆರು ಮುಗಿದರೆ ಪದವಿ. ದೊಡ್ಡಪ್ಪ ಪೆನ್ನು ಹಿಡಿದು ಕೂತಿದ್ದರು, ಬರೆಯುತ್ತಿರಲಿಲ್ಲ.

"ಆ ಹುಡುಗಿ ನಿನ್ನ ಗೆಳತಿಯೇನ?"

"ಅಲ್ಲ ದೊಡ್ಡಪ್ಪ. ಲ್ಯಾಬಿನಾಗ ಬಾಜೂಕ ನಿಂದರ್ತಾಳ, ಅಷ್ಟ."

"ಕೂಡೇ ಉಣ್ತೀರಂತಲ್ಲ?"

"ಇಲ್ಲ."

"ಮತ್ತ ಮನಿಗೆ ಯಾಕ ಬಂದಿದ್ಲು?"

"ಆಕಿ ಕೆಲಸಕ್ಕ ಆಕಿ ಬಂದಿದ್ಲು. ನನಗೇನ ಸಂಬಂಧಿಲ್ಲ."

ಮೂರು ಸಲ. ಪೇತ್ರ ಯೇಸುವನ್ನು ಮೂರು ಸಲ ಅಲ್ಲಗಳೆದಾಗ ಕೋಳಿ ಕೂಗಿತಂತೆ. ದೊಡ್ಡಪ್ಪನ ಮನೆಯಲ್ಲಿ ಕುಕ್ಕರ್ ಕೂಗಿತು. ಪೇತ್ರ ಹೊರಗೆ ಹೋಗಿ ಅತ್ತ. ನಾನು ದೊಡ್ಡಪ್ಪ ಬರೆದುಕೊಟ್ಟ ಪತ್ರ ಮಡಚಿ ಫಿಜಿಕ್ಸ್ ರೆಕಾರ್ಡಿನಲ್ಲಿಟ್ಟುಕೊಂಡು ಬಸ್ ಹತ್ತಿದೆ.

ಅದೇ ರೆಕಾರ್ಡನ್ನು ಮರುದಿನ ಗೆಳತಿ ತೆರೆದಳು, ರೀಡಿಂಗ್ ಬರೆದುಕೊಳ್ಳಲು. ಪತ್ರ ಅವಳ ಕೈಗೇ ಬಂತು. ದೊಡ್ಡಪ್ಪ ಈ ಸಲ ಒಂದು ಸಾಲು ಹೆಚ್ಚಿಗೆ ಬರೆದಿದ್ದರು: "ನಾಸ್ತಿಕರ ಸಹವಾಸವನ್ನು ಸಂಪೂರ್ಣವಾಗಿ ತ್ಯಜಿಸಿರುತ್ತಾಳೆ." ಕೆಳಗೆ ನೇರಳೆ ಬಣ್ಣದ ಸ್ಟಾಂಪು.

"ಅಕ್ಷರ ಚಂದ ಅದಾವ," ಎಂದಳು.

"ಹಾಸ್ಟೆಲ್ಲಿನ ಸಲುವಾಗಿ ಲೇ..."

"ನನ್ನ ಕೇಳಿದ್ರ ನಾನ ಬರದು ಕೊಡ್ತಿದ್ದೆ."

ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಬೈದಿದ್ದರೆ ನಾನೂ ಒಂದೆರಡು ಬೈದು ಹಗುರಾಗುತ್ತಿದ್ದೆ. ಡಬ್ಬಿ ತೆಗೆದುಕೊಂಡು ಊಟಕ್ಕೆ ಬೇರೆ ಬೆಂಚಿಗೆ ಹೋದಳು. ಲ್ಯಾಬಿನಲ್ಲಿ ನನ್ನ ಲೆಕ್ಕ ತಪ್ಪಿದಾಗ ಒಂದು ಮಾತಾಡದೆ ಸ್ಕೇಲಿನ ಮೇಲೆ ಸರಿಯಾದ ಗೆರೆಗೆ ಬೆರಳಿಟ್ಟು ತೋರಿಸುತ್ತಿದ್ದಳು. ಮಾತು ಬಿಟ್ಟವಳೂ ನನ್ನ ಮಾರ್ಕ್ಸು ಕಾಯುತ್ತಿದ್ದಳು. ದೇವರಿಲ್ಲದವರ ಸೇಡು ಹೀಗಿರುತ್ತದೆಂದು ನನಗೆ ಯಾರೂ ಎಚ್ಚರಿಸಿರಲಿಲ್ಲ.

ಕ್ರಿಸ್ಮಸ್ಸಿಗೆ ಮುಂಚೆ ಪಾಪನಿವೇದನೆಗೆ ಹೋದೆ. ಸುಳ್ಳು ಹೇಳಿದೆ ಎಂದೆ. ಮೂರು ಜಪ ಹೇಳಲು ಹಚ್ಚುತ್ತಾರೆ, ಹೇಳಿ ಮುಗಿಸಿ ಮನೆಗೆ ಹೋಗಿ ಕರ್ಜಿಕಾಯಿ ಕರಿಯುವುದು ಎಂದುಕೊಂಡಿದ್ದೆ. ಫಾದರ್ ಎಲ್ಲ ಕೇಳಿಸಿಕೊಂಡರು.

"ಯಾರನ್ನ ಅಲ್ಲಂದಿ, ಮೊದಲ ಆಕಿ ಹಂತೇಕ ಹೋಗು," ಎಂದರು. "ಆಮ್ಯಾಲ ಯಾರ ಮುಂದ ಅಲ್ಲಂದಿ, ಅವರ ಹಂತೇಕ. ದೇವರ ಹಂತೇಕ ಕಡೀಕ ಬಾ. ಆತಗೇನು ಅವಸರಿಲ್ಲ."

ಇಷ್ಟು ತುಟ್ಟಿ ಪ್ರಾಯಶ್ಚಿತ್ತ ಇದೆಯೆಂದು ಗೊತ್ತಿದ್ದರೆ ಬೇರೆ ಯಾವುದಾದರೂ ಪಾಪ ಹೇಳುತ್ತಿದ್ದೆ.

ಬೆಳಗಾವಿಗೆ, ಅವಳ ಸೋದರತ್ತೆಯ ಮನೆಗೆ ಹೋದೆ. ಬಾಗಿಲು ಅವಳೇ ತೆರೆದಳು.

"ತಪ್ಪಾತಲೇ," ಎಂದೆ.

"ನಿಮ್ಮ ಫಾದರ್ ಕಳಿಸ್ಯಾರೇನ?"

"ಹೌದು."

"ನೀನಾಗೇ ಬಂದಿದ್ರ ಇನ್ನೂ ಚಲೋ ಇತ್ತು." ಸ್ವಲ್ಪ ಹೊತ್ತು ನನ್ನನ್ನು ಹೊಸ್ತಿಲಾಚೆಯೇ ನಿಲ್ಲಿಸಿ ನೋಡಿದಳು. "ಇರಲಿ, ಬಾ ಒಳಗ."

ಅಲ್ಲಿಂದ ದೊಡ್ಡಪ್ಪನ ಮನೆ. ಇನ್ನೂ ಹಾಸ್ಟೆಲ್ಲಿಗೆ ಕೊಡದೆ ಇಟ್ಟುಕೊಂಡಿದ್ದ ಪತ್ರವನ್ನು ಮೇಜಿನ ಮೇಲಿಟ್ಟೆ.

"ಇದರಾಗ ಬರದದ್ದು ಸುಳ್ಳೈತಿ ದೊಡ್ಡಪ್ಪ. ಆಕಿ ನನ್ನ ಗೆಳತಿ. ಆ ಸಾಲು ತಗದು ಇನ್ನೊಂದು ಬರದು ಕೊಡ್ರಿ."

"ಆ ಸಾಲು ಇಲ್ಲಂದ್ರ ಪತ್ರಾನೂ ಇಲ್ಲ."

"ಹಂಗಾರ ಬ್ಯಾಡ ಬಿಡ್ರಿ."

"ಹಾಸ್ಟೆಲ್ ಹೋಗತೈತಿ. ಡಿಗ್ರಿ ಹೋಗತೈತಿ. ತಲಿ ಕೆಟ್ಟೈತೇನ ನಿನಗ?"

ಕೆಟ್ಟಿರಲಿಲ್ಲ. ಪತ್ರವನ್ನು ಅಲ್ಲೇ ಬಿಟ್ಟು ಹೊರಬಿದ್ದೆ. ಮನೆಗೆ ಬಂದು ಹೇಳಿದಾಗ ಅವ್ವ ಅತ್ತಳು. ಅಪ್ಪ ಎದ್ದು, ಬಸ್ ಸ್ಟ್ಯಾಂಡಿಗೆ ಒಯ್ಯಲೆಂದು ನನ್ನ ಟ್ರಂಕನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದ. ಅಣ್ಣನ ವಿರುದ್ಧ ಅವನು ಬದುಕಿನಲ್ಲಿ ಮಾಡಿದ ಒಂದೇ ಭಾಷಣ ಆ ಹಗ್ಗದ ಗಂಟು.

ಪತ್ರವಿಲ್ಲದೆ ಹಾಸ್ಟೆಲ್ಲು ಹೋಯಿತು; ಗೆಳತಿಯೇ ಕರೆದಳು, ಕೊನೆಯ ಸೆಮಿಸ್ಟರನ್ನು ಅವಳ ಸೋದರತ್ತೆಯ ಮನೆಯಲ್ಲಿ ಕಳೆದೆ. ಬಸವಣ್ಣನ ಹಾದಿಯ ಮನೆ. ಬೆಳಗ್ಗೆ ಅತ್ತೆ ಅಂಗೈಯಲ್ಲಿ ಲಿಂಗವಿಟ್ಟು ಪೂಜೆಗೆ ಕೂರುತ್ತಿದ್ದರು, ನಾನು ಗೋಡೆಗೆ ಮುಖ ಮಾಡಿ ಶಿಲುಬೆಯ ಗುರುತು ಹಾಕುತ್ತಿದ್ದೆ, ನಮ್ಮಿಬ್ಬರ ನಡುವೆ ಗೆಳತಿ ಚಾದರ ಹೊದ್ದು ಗೊರಕೆ ಹೊಡೆಯುತ್ತಿದ್ದಳು.

"ಆಕಿ ಹಿಂಗ ಇರೂದಕ್ಕ ನಿಮಗ ಬ್ಯಾಸರ ಆಗಂಗಿಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ.

"ಲಿಂಗ ಕಟ್ಟಿಕೋ ಅಂದ್ರ ಒಲ್ಲೆ ಅಂತಾಳ. ಭಾಂಡೆ ತಿಕ್ಕು ಅಂದ್ರ ತಿಕ್ಕತಾಳ," ಎಂದರು ಅತ್ತೆ. "ಪೂಜಿ ಮಾಡಿ ಭಾಂಡೆ ಬಿಟ್ಟು ಹೋಗೂ ಮಂದಿನೂ ನೋಡೀನವಾ ನಾ. ನೀ ಇನ್ನೊಂದು ರೊಟ್ಟಿ ಹಾಕ್ಕೋ."

ನಮ್ಮ ಓಣಿಯಲ್ಲಿ ಮಾತ್ರ ಸುದ್ದಿ ಬೇರೆ ಬೆಳೆಯಿತು. ನಾನು ಲಿಂಗ ಕಟ್ಟಿಕೊಂಡೆನೆಂದು ಕೆಲವರು, ನಾಸ್ತಿಕಳಾದೆನೆಂದು ಕೆಲವರು. ಎರಡೂ ಒಟ್ಟಿಗೆ ಆಗಲು ಬರುವುದಿಲ್ಲ ಎಂಬ ಸಣ್ಣ ತೊಡಕು ಯಾರನ್ನೂ ಕಾಡಲಿಲ್ಲ. ಪ್ರೀತಿಯೇ ನಮ್ಮ ಧರ್ಮ ಎನ್ನುವ ನಾವು ಒಬ್ಬಳು ಗೆಳತಿಗೆ ಇಷ್ಟೊಂದು ಹೆದರಿದೆವು. ಅವಳು ನಮ್ಮ ದೇವರನ್ನು ಕಸಿದುಕೊಳ್ಳುತ್ತಾಳೆಂದಲ್ಲ. ದೇವರ ಭಯವಿಲ್ಲದೆಯೂ ಒಬ್ಬಳು ಒಳ್ಳೆಯವಳಾಗಿ ಇರಬಹುದಾದರೆ, ಅಷ್ಟೆಲ್ಲ ಭಯವಿದ್ದೂ ನಾವು ಯಾಕೆ ಹೀಗಿದ್ದೇವೆ ಎಂದು ಯಾರಾದರೂ ಕೇಳಿಬಿಡುತ್ತಾರೆಂದು. ನಾನು ಈಗಲೂ ನಂಬುತ್ತೇನೆ, ಭಾನುವಾರ ಚರ್ಚಿನ ಪೂಜೆಗೆ ಹೋಗುತ್ತೇನೆ. ಅದಕ್ಕೇ ಇದನ್ನು ಬರೆಯುವ ಹಕ್ಕು ನನಗಿದೆ.

ಇಬ್ಬರೂ ಪಾಸಾದೆವು. ನಾನು ಫಸ್ಟ್ ಕ್ಲಾಸು. ಭಟ್ಟಿ ಕೆಲಸದವನ ಮಗಳು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಪದವಿ ಪ್ರಮಾಣಪತ್ರ ಬಂದಿದೆಯೆಂದು ಕಾಲೇಜಿನಿಂದ ತಿಳಿಸಿದಾಗ ಅವ್ವನನ್ನೂ ಕರೆದುಕೊಂಡು ಬೆಳಗಾವಿಗೆ ಹೋದೆ. ಗೆಳತಿ ಮೊದಲೇ ಬಂದು ಕಿಟಕಿಯ ಮುಂದೆ ಸರದಿಯಲ್ಲಿ ನಿಂತಿದ್ದಳು. ಗುಮಾಸ್ತರು ಎರಡೂ ಹಾಳೆಗಳನ್ನು ಅವಳ ಕೈಗೆ ಕೊಟ್ಟು, ನನ್ನನ್ನು ರಜಿಸ್ಟರಿನಲ್ಲಿ ಸಹಿಗೆ ನಿಲ್ಲಿಸಿದರು. ಸಹಿ ಮಾಡಿ ತಿರುಗಿದಾಗ ಅವಳು ನನ್ನ ಹಾಳೆಯನ್ನು ಅವ್ವನ ಕೈಗೆ ಕೊಡುತ್ತಿದ್ದಳು.

"ಹಿಡೀರಿ ಕಾಕು. ನಿಮ್ಮ ಮಗಳು ಗ್ರ್ಯಾಜುಯೇಟ್ ಆದಳು."

ಅವ್ವ ಅದನ್ನು ತಾನು ತಂದಿದ್ದ ಪ್ಲಾಸ್ಟಿಕ್ ಕವರಿನೊಳಗೆ, ನಾನು ಕೂಸಿದ್ದಾಗ ಚರ್ಚು ಕೊಟ್ಟ ಜ್ಞಾನಸ್ನಾನದ ಸರ್ಟಿಫಿಕೇಟಿನ ಬೆನ್ನಿಗೆ, ಮೂಲೆ ಮಡಚದಂತೆ ಸೇರಿಸಿದಳು. ಆಮೇಲೆ ಗೆಳತಿಯ ಗಲ್ಲ ಹಿಡಿದು, ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಹೇಳಿದಳು:

"ನೋಡವಾ, ನಾ ಮೊದಲ ಹೋಗ್ತೀನಿ ಮ್ಯಾಲ. ಬಾಗಲದಾಗ ನಿಂತು ಹೇಳ್ತೀನಿ, ಈಕಿನ್ನ ಒಳಗ ಬಿಡ್ರಿ, ನನ್ನ ಮಗಳ ಕೈ ಬಿಡಲಿಲ್ಲ ಈಕಿ ಅಂತ. ಆಗಂಗಿಲ್ಲ ಅಂದ್ರೋ, ನಾನೂ ಒಳಗ ಹೋಗಂಗಿಲ್ಲ. ಹೊರಗ ಕಟ್ಟಿ ಮ್ಯಾಲ ಕುಂದರೂಣು, ಇಬ್ಬರೂ."