ಓಡದ ಏಡಿ

ಭಾನುವಾರ ಬೆಳಗ್ಗೆ ನಾನು ಗಾಳದ ಕೋಲು ಹಿಡಿದು ಹೊರಟರೆ ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಲೇ ಕೇಳುತ್ತಾಳೆ: "ಮಸಾಲೆ ಅರೆದಿಡ್ಲಾ, ಇಲ್ಲಾ ಬೇಳೆ ಸಾರಿಗೇ ಇಡ್ಲಾ?" ಎಷ್ಟೋ ವರ್ಷದಿಂದ ಇದೇ ಪ್ರಶ್ನೆ. ಮಸಾಲೆ ಅರೆದ ಭಾನುವಾರಗಳು ಬೆರಳೆಣಿಕೆಯವು. ನಾನು ಕೆಲಸ ಮಾಡುವುದು ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ. ವಾರದ ಆರು ದಿನ ಅಲ್ಲಿ ಎಲ್ಲರ ಮೇಲೂ ರೇಗುತ್ತೇನೆ. ಏಳನೆಯ ದಿನ ಅಲ್ಲೇ ಹತ್ತಿರದ ಮಧುರೆ ಕಡೆಯ ಒಂದು ಕೆರೆಯ ದಡದಲ್ಲಿ ಕೂತು ಯಾರ ಮೇಲೂ ರೇಗದೆ ಇರಲು ಪ್ರಯತ್ನ ಪಡುತ್ತೇನೆ. ಜೊತೆಗೆ ಕಾರ್ಖಾನೆಯ ಇಬ್ಬರು ಗೆಳೆಯರು ಇರುತ್ತಾರೆ. ಮೀನು ಸಿಕ್ಕರೆ ಸಂತೋಷ, ಸಿಗದಿದ್ದರೆ ಹರಟೆ.

ಗಾಳಕ್ಕೆ ಸಿಕ್ಕಿಸುವ ಎರೆಯ ವಿಷಯದಲ್ಲಿ ಮಾತ್ರ ನಾವು ಮೂವರೂ ಮಹಾ ಪಂಡಿತರು. ಸಣ್ಣ ಮೀನಿಗೆ ರಾಗಿಮುದ್ದೆಯ ಉಂಡೆ ಸಾಕು. ಹಾವಿನಂಥ ತಲೆಯ ದೊಡ್ಡ ಕೊರಮೀನು ಬೇಕೆಂದರೆ ಏಡಿಯೇ ಆಗಬೇಕು ಎಂದು ನಮ್ಮ ನಂಬಿಕೆ. ತೂಬಿನ ಪಕ್ಕದಲ್ಲಿ ಕಲ್ಲುಗಳು ಹರಡಿಕೊಂಡಿವೆ. ಒಂದೊಂದನ್ನೇ ಎತ್ತಿ ಮಗುಚಿದರೆ ಕೆಳಗಿನ ಏಡಿಗಳು ದಿಕ್ಕಾಪಾಲಾಗಿ ಓಡುತ್ತವೆ. ಕೆಲವು ಮಾತ್ರ ಓಡುವುದಿಲ್ಲ. ಕಾಲು ಮುದುರಿಕೊಂಡು ಇದ್ದಲ್ಲೇ ಕೂತಿರುತ್ತವೆ. ಅವಕ್ಕೆ ನಾವು 'ಸೋಮಾರಿ ಏಡಿ' ಎಂದು ಹೆಸರಿಟ್ಟಿದ್ದೆವು. ಹಿಡಿಯಲು ಕಷ್ಟವೇ ಇಲ್ಲ, ಬೆನ್ನ ಮೇಲೆ ಬೆರಳಿಟ್ಟು ಎತ್ತಿ ಡಬ್ಬಕ್ಕೆ ಹಾಕಿಕೊಳ್ಳುವುದು, ಬೇಕಾದಾಗ ಕಲ್ಲಿಗೆ ಕುಕ್ಕಿ ಒಡೆದು ಗಾಳಕ್ಕೆ ಸಿಕ್ಕಿಸುವುದು. ಬೆರಳಿಗೆ ಮೆತ್ತಿಕೊಂಡದ್ದನ್ನು ನೀರಲ್ಲಿ ತೊಳೆದುಕೊಂಡರಾಯಿತು.

ಅದೇ ತೂಬಿನ ಬಳಿ ಏಡಿ ಹಿಡಿದು ಮಾರುವ ಹೆಂಗಸೊಬ್ಬಳು ಬರುತ್ತಿದ್ದಳು. ಅರವತ್ತರ ಹತ್ತಿರದವಳು, ಪಕ್ಕದ ಹಳ್ಳಿಯವಳು. ಮುಂಗಾರಿನ ತಿಂಗಳುಗಳಲ್ಲಿ ಅವಳ ಮನೆ ನಡೆಯುವುದೇ ಏಡಿಯಿಂದ. ನೆಲಮಂಗಲದ ಕಡೆಯ ಒಂದೆರಡು ಮೆಸ್ಸಿನವರು, ನೆಗಡಿ ಹಿಡಿದು ಏಡಿ ಸಾರು ಬೇಕೆನ್ನುವ ಊರಿನವರು ಅವಳ ಗಿರಾಕಿಗಳು. ಕೆರೆಯ ಗುತ್ತಿಗೆ ಹಿಡಿದವರು ಬಲೆಗೆ ಬೀಳುವ ಮೀನು ಬಿಟ್ಟು ಬೇರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ತೂಬಿನ ಆಸುಪಾಸು ನಮಗೂ ಅವಳಿಗೂ ಬಿಟ್ಟ ಜಾಗವಾಗಿತ್ತು. ನಮ್ಮ ಸ್ಟೋರಿನಲ್ಲಿ, ಒಂದು ಹತ್ತಿದರೆ ಇನ್ನೊಂದು ಕೆಳಗೆಳೆಯುವುದರಿಂದ ಏಡಿ ಬುಟ್ಟಿಗೆ ಮುಚ್ಚಳ ಬೇಡ ಎಂಬ ಕಥೆ ಹೇಳಿ ಇನ್ನೊಬ್ಬರ ಕಾಲೆಳೆಯದವರಿಲ್ಲ. ಇವಳ ಬುಟ್ಟಿಗೆ ಮಾತ್ರ ಗಟ್ಟಿ ಮುಚ್ಚಳವಿತ್ತು, ಅದರ ಮೇಲೆ ಒದ್ದೆ ಗೋಣಿ ಬೇರೆ.

ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಭುಜದವರೆಗೂ ಕೈಯನ್ನು ಬಿಲದೊಳಗೆ ತೂರಿಸಿ ಹುಡುಕುವಳು. ನೀರೆಲ್ಲ ಬಗ್ಗಡ. ಒಂದು ಸಲ ತಡೆಯಲಾರದೆ ಕೂಗಿದೆ.

"ಅಕ್ಕಾ, ಸ್ವಲ್ಪ ಆ ಕಡೆ ಹೋಗ್ಬಾರ್ದಾ? ಮೀನೆಲ್ಲಾ ಹೆದರ್ಕೊಂಡು ಹೋದ್ವು."

"ನನ್ನ ಕಂಡು ಯಾಕಪ್ಪಾ ಹೆದರ್ತವೆ? ನಾನು ಲಂಗ ಹಾಕ್ತಿದ್ದಾಗ್ನಿಂದ ನೋಡ್ತಿದ್ದಾವೆ. ನಿನ್ನ ಕೆಂಪು ಟೋಪಿ ಕಂಡು ಹೆದರಿರ್ಬೇಕು."

ಗೆಳೆಯರಿಬ್ಬರೂ ಹೊಟ್ಟೆ ಹಿಡಿದು ನಕ್ಕರು. ನನಗೆ ಅವಮಾನವಾಯಿತು. ಆಮೇಲೆ ಪಂಚಾಯ್ತಿಗೆ ಕೊಟ್ಟ ಅರ್ಜಿ ಹುಟ್ಟಿದ್ದು ಆ ಅವಮಾನದಲ್ಲಿ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಏಡಿ ಕಡಿಮೆಯಾಗಿದ್ದದ್ದು ನಿಜ. ಐದು ಕಲ್ಲು ಮಗುಚಿದರೂ ಒಂದು ಸಿಗುತ್ತಿರಲಿಲ್ಲ. ನನ್ನ ಅಕ್ಷರ ದುಂಡಗಿದೆ, ಸರ್ಕಾರಿ ಕನ್ನಡವೂ ಬರುತ್ತದೆ. "ಸದರಿ ಕೆರೆಯ ತೂಬಿನ ಬಳಿ ವ್ಯಾಪಾರದ ಸಲುವಾಗಿ ಎಗ್ಗಿಲ್ಲದೆ ಏಡಿ ಹಿಡಿಯುತ್ತಿರುವುದರಿಂದ ಅವುಗಳ ಸಂತತಿಯೇ ನಶಿಸುತ್ತಿದ್ದು, ಇದನ್ನು ಈ ಕೂಡಲೇ ನಿಷೇಧಿಸಬೇಕಾಗಿ ವಿನಂತಿ" ಎಂದು ಬರೆದು, ಮೂವರೂ ಸಹಿ ಹಾಕಿ ಪಂಚಾಯ್ತಿಗೆ ಕೊಟ್ಟೆವು. ಭಾನುವಾರ ಬಂದು ನೋಡಿ ತೀರ್ಮಾನ ಹೇಳುತ್ತೇನೆ ಎಂದು ಸದಸ್ಯರೊಬ್ಬರು ಮಾತು ಕೊಟ್ಟರು. ಅವರು ಬೇಡ ಎಂದರೆ ಅವಳು ಇನ್ನು ತೂಬಿನ ಕಡೆ ಕಾಲಿಡುವಂತಿರಲಿಲ್ಲ.

ಶುಕ್ರವಾರ ಒಳ್ಳೆಯ ಮಳೆಯಾಗಿತ್ತು. ಭಾನುವಾರ ನಾನು ಎಲ್ಲರಿಗಿಂತ ಮೊದಲೇ ಹೋದೆ. ಸದಸ್ಯರು ಬರುವ ಮುಂಚೆ ಅವಳು ಎಷ್ಟು ಏಡಿ ಹಿಡಿಯುತ್ತಾಳೆ ಎಂದು ಕಣ್ಣಾರೆ ನೋಡಿ ಸಾಕ್ಷಿ ಹೇಳಬೇಕೆಂದು ನನ್ನ ಲೆಕ್ಕಾಚಾರ. ಹತ್ತಾರು ಕಲ್ಲು ಮಗುಚಿ, ಎರಡು ಸೋಮಾರಿ ಏಡಿಗಳನ್ನು ಡಬ್ಬಕ್ಕೆ ಹಾಕಿಕೊಂಡು, ಗಾಳ ಬಿಟ್ಟು ಕೂತೆ. ಅವಳು ಆಗಲೇ ಮೊಣಕಾಲುದ್ದ ನೀರಿನಲ್ಲಿದ್ದಳು.

ಅವಳನ್ನು ಅಷ್ಟು ಹೊತ್ತು ನೆಟ್ಟ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಕಲ್ಲನ್ನು ಒಂದು ಕೈಯಲ್ಲಿ ಓರೆ ಮಾಡಿ, ಇನ್ನೊಂದು ಕೈಯಿಂದ ತಡವಿ, ಮತ್ತೆ ಕಲ್ಲನ್ನು ಇದ್ದ ಹಾಗೆಯೇ ಕೂರಿಸುತ್ತಿದ್ದಳು. ಏಡಿ ಸಿಕ್ಕ ಕೂಡಲೇ ಅಂಗಾತ ಮಾಡಿ ನೋಡುವಳು. ಕೆಲವು ಬುಟ್ಟಿಗೆ, ಕೆಲವು ವಾಪಸ್ಸು ನೀರಿಗೆ. ಬಿಲದ ಕತ್ತಲೆಯಲ್ಲಂತೂ ಕಣ್ಣಿಗೆ ಕೆಲಸವೇ ಇಲ್ಲ. ಬರೀ ಬೆರಳಿನಿಂದ ಹೊಟ್ಟೆ ಸವರಿ, ಬೇಡದ್ದನ್ನು ಹೊರಗೆ ಎಳೆಯದೆಯೇ ಕೈ ತೆಗೆಯುತ್ತಿದ್ದಳು. ಕೊಂಬಿನಲ್ಲಿ ಕಚ್ಚುವ ಪ್ರಾಣಿಯ ಹೊಟ್ಟೆಯನ್ನು ಹಾಗೆ ಸವರುವ ಕೈ ಎಂಥದ್ದಿರಬೇಕು! ನನ್ನ ಗಾಳದ ಬೆಂಡು ಮುಳುಗಿದ್ದನ್ನೂ ನಾನು ನೋಡಲಿಲ್ಲ.

ಅಂಗೈಯಗಲದ ಒಂದು ಏಡಿಯನ್ನು ಅವಳು ಬಿಡಲು ಹೊರಟಾಗ ಕೇಳಿಯೇ ಬಿಟ್ಟೆ.

"ಅಷ್ಟು ದೊಡ್ಡದನ್ನ ಯಾಕಕ್ಕಾ ಬಿಡ್ತೀಯ?"

"ಇದು ಬಾಣಂತಿ ಕಣಪ್ಪ. ಬಾ, ನೋಡ್ಬಾ."

ಪ್ಯಾಂಟು ಮಡಚಿ ನೀರಿಗಿಳಿದೆ. ಏಡಿ ಅವಳ ಅಂಗೈಯಲ್ಲಿ ಅಂಗಾತ ಮಲಗಿತ್ತು. ಹೊಟ್ಟೆಯ ಮೇಲೆ ಅಗಲವಾದ ಒಂದು ಮಡಿಕೆ, ಬಾಗಿಲು ಮುಚ್ಚಿದ ಹಾಗೆ. ಅವಳು ಉಗುರಿನ ತುದಿಯಿಂದ ಅದನ್ನು ಒಂದಿಷ್ಟೇ ಸರಿಸಿದಳು. ಒಳಗೆ ಎಳ್ಳಿನ ಗಾತ್ರದ ಏಡಿಗಳು. ನೂರೋ ಇನ್ನೂರೋ, ಒಂದರ ಮೇಲೊಂದು. ಪ್ರತಿಯೊಂದಕ್ಕೂ ಕಾಲು, ಪ್ರತಿಯೊಂದಕ್ಕೂ ಕೊಂಬು, ಪ್ರತಿಯೊಂದಕ್ಕೂ ಕಡ್ಡಿಯ ಮೇಲೆ ನಿಂತ ಚುಕ್ಕೆಯಂಥ ಕಣ್ಣು. ಬೆಳಕು ಬಿದ್ದದ್ದೇ ತಡ ಎಲ್ಲವೂ ಒಟ್ಟಿಗೆ ಅಲುಗಿದವು.

ಐವತ್ತು ದಾಟಿದ್ದೇನೆ, ಕೆರೆಯ ದಡದಲ್ಲೇ ಅರ್ಧ ಆಯುಷ್ಯ ಕಳೆದಿದ್ದೇನೆ, ಏಡಿ ಮರಿ ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಯೋಚಿಸಿದವನಲ್ಲ. ಮೀನಿನ ಹಾಗೆ ಮೊಟ್ಟೆಯಿಟ್ಟು ಹೋಗುತ್ತದೆ ಎಂದುಕೊಂಡಿದ್ದೆ. ಇದು ಮಕ್ಕಳನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಾಡುತ್ತಿತ್ತು. ನಾಲ್ಕೈದು ಮರಿಗಳು ಅವಳ ಬೆರಳಿನ ಮೇಲೆ ಇಳಿದು, ಅಲ್ಲೇ ತಡಕಾಡಿ, ತಿರುಗಿ ತಾಯಿಯ ಮಡಿಲಿಗೇ ಹತ್ತಿದವು. ಅದನ್ನು ನೋಡುತ್ತ ನನ್ನ ಕಣ್ಣು ತುಂಬಿ ಬಂತು. ಏಡಿ ನೋಡಿ ಅಳುವ ಗಂಡಸು ಎಂದು ಯಾರಾದರೂ ನಕ್ಕರೆ ನಗಲಿ.

"ಮಳೆ ನೀರು ಬಂತಲ್ಲ, ಇನ್ನು ನಾಕು ದಿನ ಅಷ್ಟೇ, ಮರಿ ಬಿಡ್ತವೆ. ನಮ್ಮವ್ವ ಹೇಳ್ಕೊಟ್ಟಿದ್ದು, ಬಾಣಂತಿನ ಬುಟ್ಟಿಗೆ ಹಾಕಿದ್ರೆ ಮುಂದ್ಲೊರ್ಷ ಬುಟ್ಟಿನೇ ಬೇಡ ಅಂತ." ಅವಳು ಬಗ್ಗಿ ಏಡಿಯನ್ನು ಕಲ್ಲಿನ ಸಂದಿಗೆ ಬಿಟ್ಟಳು. ಅದು ಅಲ್ಲೇ ಕಾಲು ಮುದುರಿ ಕೂತಿತು.

"ಬಿಟ್ರೂ ಓಡ್ತಿಲ್ವಲ್ಲ?" ಎಂದೆ.

"ಎಲ್ಲಿ ಓಡ್ತದೆ? ಓಡಿದ್ರೆ ಮರಿ ಉದುರೋಗಲ್ವಾ? ಬಾಣಂತಿ ಓಡಲ್ಲ. ಜೀವ ಹೋದ್ರೂ ಕೂತ್ಕೊಂಡೇ ಇರ್ತದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ದಡದ ಮೇಲಿದ್ದ ನನ್ನ ಡಬ್ಬದ ಕಡೆ ತಿರುಗಿ ನೋಡಿದೆ. ಹತ್ತಿ ಹೋಗಿ ಮುಚ್ಚಳ ತೆಗೆದು ಒಂದು ಏಡಿಯನ್ನು ಅಂಗಾತ ಮಾಡಿದೆ. ಮಡಿಕೆಯ ಅಂಚಿನಲ್ಲಿ ಎಳ್ಳಿನಂಥ ಮರಿಗಳ ಕಾಲುಗಳು ಅಲುಗುತ್ತಿದ್ದವು. ಇನ್ನೊಂದನ್ನು ನೋಡಿದೆ. ಅದೂ ಹಾಗೆಯೇ. ಇಷ್ಟು ವರ್ಷ ಕಲ್ಲಿಗೆ ಕುಕ್ಕಿದ ಮೇಲೆ ಬೆರಳಿಗೆ ಮೆತ್ತಿಕೊಂಡದ್ದನ್ನು ಕೆಸರು ಎಂದುಕೊಂಡು ತೊಳೆಯುತ್ತಿದ್ದೆನಲ್ಲ, ಅದು ಕೆಸರಲ್ಲ.

ಅಷ್ಟರಲ್ಲಿ ಗೆಳೆಯರಿಬ್ಬರೂ ಬಂದರು. ಹಿಂದೆಯೇ ಪಂಚಾಯ್ತಿ ಸದಸ್ಯರ ಬೈಕು ಏರಿಯ ಮೇಲೆ ನಿಂತಿತು. ಅವರು ಜೇಬಿನಿಂದ ನನ್ನ ದುಂಡಕ್ಷರದ ಅರ್ಜಿ ತೆಗೆದು, "ಏನ್ ಸಾರ್, ಏಡಿ ಸಂತತಿ ನಾಶ ಮಾಡ್ತಿರೋದು ಈಯಮ್ಮನೇನಾ?" ಎಂದರು. ಅವಳು ಬುಟ್ಟಿ ಹಿಡಿದು ನೀರಿನಲ್ಲೇ ನಿಂತಳು. ಅರ್ಜಿಯ ವಿಷಯ ಅವಳಿಗೆ ಆಗಲೇ ಗೊತ್ತಿತ್ತೆಂದು ಆ ಮುಖ ನೋಡಿದ ಮೇಲೆ ನನಗೆ ಹೊಳೆಯಿತು.

"ಈಯಮ್ಮ ಅಲ್ಲ ಸಾರ್," ಎಂದೆ. "ನಾನು."

ಗೆಳೆಯನೊಬ್ಬ "ಲೇ, ಏನೋ ನಿಂದು?" ಎಂದು ಮೊಣಕೈಯಲ್ಲಿ ತಿವಿದ. ನಾನು ಡಬ್ಬವನ್ನು ಸದಸ್ಯರ ಮುಂದೆ ಹಿಡಿದು, ಒಂದು ಏಡಿಯ ಮಡಿಲನ್ನು ಅವಳು ತೋರಿಸಿದ ಹಾಗೆಯೇ ಸರಿಸಿ ತೋರಿಸಿದೆ. ಬುಟ್ಟಿಯಲ್ಲಿ ಇಂಥದ್ದು ಒಂದೂ ಇಲ್ಲ, ಬೇಕಾದರೆ ನೋಡಿ ಎಂದೆ. ಅವರು ಬುಟ್ಟಿಯ ಮುಚ್ಚಳ ತೆಗೆಸಿ, ಒಂದೊಂದನ್ನೇ ತಿರುಗಿಸಿ ನೋಡಿದರು. ಒಂದೂ ಇರಲಿಲ್ಲ. ಅರ್ಜಿಯನ್ನು ನನ್ನ ಕೈಗೇ ವಾಪಸ್ಸು ಕೊಟ್ಟು, "ಇನ್ಮೇಲೆ ಎರೆಗೆ ಮುದ್ದೆ ತಗೊಂಬನ್ನಿ ಸಾರ್. ಈಯಮ್ಮನ ತಂಟೆಗೆ ಹೋಗ್ಬೇಡಿ" ಎಂದು ಬೈಕು ಹತ್ತಿದರು. ಗೆಳೆಯರು ಆ ಇಡೀ ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ನಾನು ನೀರಿನ ಅಂಚಿನಲ್ಲಿ ಡಬ್ಬವನ್ನು ಮೆಲ್ಲನೆ ಬಗ್ಗಿಸಿದೆ. ಎರಡೂ ಏಡಿಗಳು ಓಡಲಿಲ್ಲ. ಒಂದೊಂದೇ ಕಾಲು ಊರಿ ಕಲ್ಲಿನ ನೆರಳಿಗೆ ಸರಿದವು.

"ಕ್ಷಮಿಸ್ಬಿಡಕ್ಕಾ, ನಂಗೆ ಗೊತ್ತಿರ್ಲಿಲ್ಲ" ಎಂದೆ.

ಅವಳು ದಡದ ಉದ್ದಕ್ಕೂ ಕಣ್ಣು ಹಾಯಿಸಿದಳು. ಆಗ ನಾನೂ ನೋಡಿದೆ. ನಾವು ವರ್ಷಗಟ್ಟಲೆ ಮಗುಚಿದ ಕಲ್ಲುಗಳು, ಪಾಚಿಯ ಬೆನ್ನು ನೆಲಕ್ಕೆ ಹಾಕಿ, ಬಿಳಿಚಿದ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿದ್ದವು. ಒಂದರ ಕೆಳಗೂ ನೆರಳಿರಲಿಲ್ಲ.

"ಆ ಕಲ್ಲು ನೋಡಿದ್ರೇ ನೀನು ಬಂದೋಗಿದ್ದು ಗೊತ್ತಾಗ್ತಿತ್ತು ಕಣಪ್ಪ, ಎಷ್ಟೋ ವರ್ಷದಿಂದ."

"ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಓದಿರೋನು ನೀನು. ಗೊತ್ತಿದ್ದೇ ಮಾಡ್ತಿದ್ದೀಯ ಅಂದ್ಕೊಂಡಿದ್ದೆ."

ಇದಕ್ಕಿಂತ ದೊಡ್ಡ ಬೈಗುಳ ನಾನು ಈವರೆಗೆ ತಿಂದಿಲ್ಲ. ಆ ಬೆಳಗ್ಗೆ ಗಾಳವನ್ನು ಸುತ್ತಿಟ್ಟು, ತೂಬಿನಿಂದ ಶುರುಮಾಡಿ ಒಂದೊಂದೇ ಕಲ್ಲನ್ನು ಮೊದಲಿದ್ದ ಹಾಗೆ ಮಗುಚಿ ಕೂರಿಸಿದೆ. ಮಧ್ಯಾಹ್ನವಾದರೂ ಅರ್ಧವೂ ಮುಗಿದಿರಲಿಲ್ಲ.